ಕಣ್ಣಿಲ್ಲದ ಕೋಣ

ಬಿಸ್ಮಿಲ್ಲಾ.

ಈ ಸಭೆಯ ಅಧ್ಯಕ್ಷತೆ ವಹಿಸಿರುವ ಇಂದಿರಮ್ಮನವರೇ, ನಮ್ಮ ಮಕ್ಕಳಿಗೆ ಹೊಸ ಜರ್ಸಿಗಳನ್ನು ಕೊಡಿಸಿರುವ ಸೂಪರ್ ಮಾರ್ಕೆಟಿನ ಮಾಲೀಕರಾದ ಮುಝಮ್ಮಿಲ್ ಸಾಹೇಬರೇ, ಕ್ಲಬ್ಬಿನ ಕಾರ್ಯದರ್ಶಿಯೂ ನನ್ನ ನಾದಿನಿಯ ಮಗನೂ ಆದ ಮುಸ್ತಫಾ, ನಾಡಿದ್ದು ಭಾನುವಾರದ ವಿಮಾನದಲ್ಲಿ ನಮ್ಮನ್ನೆಲ್ಲ ಬಿಟ್ಟು ತಮ್ಮ ಊರಿಗೆ ಹೊರಟು ನಿಂತಿರುವ ಪೆಲ್ ಸಾಹೇಬರೇ, ಆಟಗಾರ ಮಕ್ಕಳೇ, ಹಿಂದಿನಿಂದ ಸಮೋಸದ ವಾಸನೆ ಬಂದ ಮೇಲೂ ಎದ್ದು ಹೋಗದೆ ಕುಳಿತಿರುವ ಸಭಿಕರೇ, ಎಲ್ಲರಿಗೂ ಸಾರಮ್ಮನ ಸಲಾಂ.

ನಾನು ಭಾಷಣ ಮಾಡಿ ಅಭ್ಯಾಸವಿದ್ದವಳಲ್ಲ. ಪಡುಬೈಲು ಬೋರ್ಡು ಶಾಲೆಯಲ್ಲಿ ಏಳನೆಯ ಕ್ಲಾಸಿನವರೆಗೆ ಕಲಿತವಳು. ಆ ಶಾಲೆಯಲ್ಲಿ ಒಮ್ಮೆ ಗಾಂಧಿ ಜಯಂತಿಯ ದಿನ ನಾಲ್ಕು ಸಾಲು ಹೇಳಲು ನನ್ನನ್ನು ನಿಲ್ಲಿಸಿದ್ದರು. ಎರಡು ಸಾಲು ಮುಗಿಯುವಾಗ ಅಳು ಬಂತು. ಉಳಿದ ಎರಡು ಸಾಲು ಇನ್ನೂ ನನ್ನ ಬಳಿಯೇ ಇದೆ. ಇವತ್ತು ಅದನ್ನು ಹೇಳುವುದಿಲ್ಲ, ಹೆದರಬೇಡಿ.

ನಿನ್ನೆ ಮುಸ್ತಫಾ ನಮ್ಮ ಲಾಂಡ್ರಿಗೆ ಬಂದು, “ಮಾಮಿ, ಕ್ಲಬ್ಬಿಗೆ ಹತ್ತು ವರ್ಷ ಆಯಿತಲ್ಲ, ಚರಿತ್ರೆ ಐದು ನಿಮಿಷ ಹೇಳಿ. ಮತ್ತೆ ಹೊಸ ಜರ್ಸಿಯ ಪೊಟ್ಟಣ ಬಿಚ್ಚಿ, ಹೊಸ ಹೆಸರು ಓದಿ, ಖಲಾಸ್,” ಎಂದ. ಚೀಟಿಯನ್ನೂ ಬರೆದು ಕೊಟ್ಟ. ಇದೋ, ಕೈಯಲ್ಲಿದೆ. ಇವತ್ತಿನಿಂದ ನಮ್ಮ ಕ್ಲಬ್ಬಿನ ಹೆಸರು ಕೆಲ್ಡನ್ ಟೌನ್ ಅಲ್ಲ, ಕೋಸ್ಟಲ್ ಸ್ಟಾರ್ಸ್ ಎಂದು ನಾನು ಈ ಮೈಕಿನಲ್ಲಿ ಹೇಳಬೇಕು.

“ಹಳೆಯ ಹೆಸರಿಗೆ ಏನಾಯಿತು ಮೋನೇ?” ಎಂದು ಕೇಳಿದೆ.

“ಇಂಗ್ಲೆಂಡಿನಲ್ಲಿ ಅವರದ್ದೇ ಕ್ಲಬ್ಬು ಉಂಟಲ್ಲ ಮಾಮಿ. ಹೆಸರು ಅವರಿಗಿರಲಿ. ಕಾಣದ ಊರಿನ ಹೆಸರು ನಮಗೆ ಎಂತಕ್ಕೆ?”

ಅವನು ಹೇಳಿದ್ದು ನ್ಯಾಯವೇ. ನಾನು ಆಗ ಉತ್ತರ ಕೊಡಲಿಲ್ಲ. ಉತ್ತರ ಇರಲಿಲ್ಲ ಎಂದಲ್ಲ. ಉತ್ತರ ಕೊಟ್ಟರೆ ಇನ್ನೊಬ್ಬರ ಗುಟ್ಟು ಹೊರಬೀಳುತ್ತದೆ. ರಾತ್ರಿಯ ನಮಾಝಿನಲ್ಲಿಯೂ ಅದನ್ನೇ ಕೇಳಿಕೊಂಡೆ, ಹೇಳಲೋ ಬೇಡವೋ ಎಂದು. ಇಲ್ಲಿ ನಿಲ್ಲುವವರೆಗೂ ಗೊತ್ತಾಗಿಲ್ಲ. ಮೊದಲು ಚರಿತ್ರೆ ಹೇಳುತ್ತೇನೆ. ಚರಿತ್ರೆ ಮುಗಿಯುವಷ್ಟರಲ್ಲಿ ಅಲ್ಲಾಹನು ಏನಾದರೂ ತೋರಿಸುತ್ತಾನೆ.

ಪೆಲ್ ಸಾಹೇಬರಿಗೆ ಕನ್ನಡ ಬರುವುದಿಲ್ಲ. ಅವರ ಪಕ್ಕದಲ್ಲಿ ನಮ್ಮ ಗೋಲು ಕಾಯುವ ಆಂಟನಿ ಕುಳಿತು ಕಿವಿಯಲ್ಲಿ ಇಂಗ್ಲಿಷು ಮಾಡಿ ಹೇಳುತ್ತಿದ್ದಾನೆ. ಹೇಳು ಆಂಟನಿ, ನಿಧಾನವಾಗಿ ಹೇಳು.

ಈ ದೋಹಾದ ಅಲ್ ಮುಂತಜಾದಲ್ಲಿ ನಮ್ಮದೊಂದು ಸಣ್ಣ ಲಾಂಡ್ರಿ ಇರುವುದು ನಿಮಗೆಲ್ಲ ಗೊತ್ತು. ನಿಮ್ಮಲ್ಲಿ ಹೆಚ್ಚಿನವರ ಪ್ಯಾಂಟಿನ ಕಿಸೆಯಲ್ಲಿ ಏನಿರುತ್ತದೆ ಎಂಬುದೂ ನನಗೆ ಗೊತ್ತು. ಆ ಚರಿತ್ರೆ ಬೇರೆ. ಲಾಂಡ್ರಿಯ ಹಿಂದೆ ಆಗ ಒಂದು ಖಾಲಿ ಜಾಗವಿತ್ತು. ಶುಕ್ರವಾರ ಸಂಜೆಯ ಅಸರ್ ನಮಾಝ್ ಆದ ಮೇಲೆ ನಮ್ಮ ಕರಾವಳಿಯ ಹುಡುಗರು ಬನಿಯನಿನಲ್ಲಿ ಅಲ್ಲಿ ಚೆಂಡು ಒದೆಯುತ್ತಿದ್ದರು. ಎದುರಿನ ಕಟ್ಟಡದ ಎರಡನೆಯ ಮಾಳಿಗೆಯಲ್ಲಿ ಪೆಲ್ ಸಾಹೇಬರು ಇದ್ದರು. ಪೈಪಿನ ವೆಲ್ಡಿಂಗ್ ಸರಿಯಾಗಿದೆಯೇ ಎಂದು ಪರೀಕ್ಷೆ ಮಾಡುವ ಇನ್ಸ್‌ಪೆಕ್ಟರ್. ಮದುವೆಯಾಗಿರಲಿಲ್ಲ. ಅಂಗಿ ಒಗೆಯಲು ನಮ್ಮಲ್ಲಿಗೇ ಕೊಡುತ್ತಿದ್ದರು.

ಒಂದು ದಿನ ಆ ಅಂಗಿಗಳ ನಡುವೆ ಕಡು ಕೆಂಪು ಬಣ್ಣದ ಒಂದು ಆಟದ ಅಂಗಿ ಬಂತು. ಎದೆಯ ಮೇಲೆ ಒಂದು ಚಿಹ್ನೆ. ಕಂಕುಳಲ್ಲಿ ಹರಿದಿತ್ತು. ನಾನು ಹೊಲಿದು ಕೊಟ್ಟೆ. ತೆಗೆದುಕೊಳ್ಳಲು ಬಂದ ಸಾಹೇಬರು ಅದನ್ನು ಕೈಯಲ್ಲಿ ಹಿಡಿದು ಅಲ್ಲಿಯೇ ನಿಂತರು. ಅವತ್ತು ಶುರುವಾದ ಮಾತು ಹತ್ತು ವರ್ಷ ನಡೆಯಿತು. ಅವರು ಕೌಂಟರಿನ ಆಚೆ. ನಾನು ಪರದೆಯ ಈಚೆ, ಹೊಲಿಗೆ ಮಿಷನ್ನಿನ ಮುಂದೆ. ನಡುವೆ ನಮ್ಮ ಯಜಮಾನರು ಹಂಝಾಕ ಇಸ್ತ್ರಿಯ ಹಬೆಯಲ್ಲಿ. ಸಾಹೇಬರ ಹಿಂದಿಗೂ ನನ್ನ ಹಿಂದಿಗೂ ಒಂದೊಂದೇ ಕಾಲು. ಒಂದರ ಹೆಗಲ ಮೇಲೆ ಇನ್ನೊಂದು ಕೈ ಹಾಕಿಕೊಂಡು ಹೇಗೋ ನಡೆಯುತ್ತಿದ್ದವು. ಪೆಲ್ ಸಾಹೇಬರ ಮುಖಕ್ಕಿಂತ ಅವರ ದನಿಯೇ ನನಗೆ ಹೆಚ್ಚು ಪರಿಚಯ. ಹಬೆಯೊಳಗಿಂದ ಒಂದು ದನಿ ಬರುತ್ತಿತ್ತು. ಅದು ಒಂದು ಊರನ್ನು ಕಟ್ಟುತ್ತಿತ್ತು.

ಕೆಲ್ಡನ್ ಎಂದರೆ ಇಂಗ್ಲೆಂಡಿನಲ್ಲಿ ಒಂದು ಸಣ್ಣ ಪೇಟೆ. ನಾಲ್ಕು ಸಾವಿರ ಜನ. ಒಂದು ಹೊಳೆ, ಒಂದು ಇಗರ್ಜಿ, ಒಂದು ಬ್ರಷ್ ಕಾರ್ಖಾನೆ. ಬಟ್ಟೆಯ ಬ್ರಷ್, ಬೂಟಿನ ಬ್ರಷ್, ಕುದುರೆಯ ಮೈ ಉಜ್ಜುವ ಬ್ರಷ್. ಸಾಹೇಬರ ತಂದೆ, ಅಜ್ಜ ಎಲ್ಲ ಅಲ್ಲಿಯೇ ಕೆಲಸ. 1887ನೆಯ ಇಸವಿಯಲ್ಲಿ ಆ ಕಾರ್ಖಾನೆಯ ಕೆಲಸಗಾರರು ಊಟದ ಬಿಡುವಿನಲ್ಲಿ ಆಡಲು ಶುರುಮಾಡಿದ್ದೇ ಕೆಲ್ಡನ್ ಟೌನ್ ಕ್ಲಬ್ಬು. ಮೈದಾನವೆಂದರೆ ಹೊಳೆಯ ಕಡೆಗೆ ಇಳಿಜಾರಾದ ಒಂದು ಹುಲ್ಲುಗಾವಲು. ಮೇಲಿನ ಗೋಲಿನಲ್ಲಿ ನಿಂತವನಿಗೆ ಕೆಳಗಿನ ಗೋಲು ಕಾಯುವವನ ತಲೆ ಮಾತ್ರ ಕಾಣುತ್ತಿತ್ತಂತೆ. ಮೊದಲರ್ಧ ಗುಡ್ಡ ಹತ್ತುವ ಆಟ, ಎರಡನೆಯ ಅರ್ಧ ಇಳಿಯುವ ಆಟ. ಬದುಕೂ ಹಾಗೆಯೇ ಎಂದು ಇಲ್ಲಿ ಹೇಳಬೇಕಂತೆ. ಭಾಷಣ ಮಾಡುವವರೆಲ್ಲ ಹೇಳುತ್ತಾರೆ. ನನಗೆ ಬಂದ ಯೋಚನೆ ಬೇರೆ. ಪರದೆಯ ಈಚೆಯಿಂದ ಕೇಳಿದೆ:

“ಸಾರ್, ಚೆಂಡು ಹೊಳೆಗೆ ಬಿದ್ದರೆ?”

ಸಾಹೇಬರಿಗೆ ಬಹಳ ಸಂತೋಷವಾಯಿತು, ಇಷ್ಟು ವರ್ಷದಲ್ಲಿ ಯಾರೂ ಆ ಪ್ರಶ್ನೆ ಕೇಳಿರಲಿಲ್ಲವಂತೆ. ಹೊಳೆಯ ಮೆಟ್ಟಿಲಲ್ಲಿ ಬಟ್ಟೆ ಒಗೆಯುವ ಒಬ್ಬ ಹೆಂಗಸು ಇದ್ದಳಂತೆ. ಉದ್ದದ ಗಳು ಹಾಕಿ ಚೆಂಡನ್ನು ದಡಕ್ಕೆ ಎಳೆದು, ಒರೆಸಿ, ಮೇಲಕ್ಕೆ ಎಸೆಯುತ್ತಿದ್ದಳಂತೆ. ಸಾಯುವವರೆಗೆ ಅವಳಿಗೆ ಆಟ ನೋಡಲು ಟಿಕೆಟ್ ಬೇಡ ಎಂದು ಕಮಿಟಿಯವರು ಠರಾವು ಮಾಡಿದರಂತೆ. ಆಟ ನೋಡಲು ಮಾತ್ರ ಅವಳಿಗೆ ಒಂದು ದಿನವೂ ಪುರುಸೊತ್ತಾಗಲಿಲ್ಲ. ನಾನೂ ಈ ಹತ್ತು ವರ್ಷದಲ್ಲಿ ಒಂದೇ ಒಂದು ಪಂದ್ಯ ನೋಡಿದ್ದೇನೆ, ಅದೂ ಲಾಂಡ್ರಿಯ ಹಿಂಬಾಗಿಲಿನಿಂದ. ಆದ್ದರಿಂದ ಆ ಹೆಂಗಸು ನನಗೆ ಬಹಳ ಬೇಕಾದವಳು.

ಮೊದಲ ಮಹಾಯುದ್ಧಕ್ಕೆ ಆ ಕ್ಲಬ್ಬಿನ ಹನ್ನೊಂದು ಜನರೂ ಒಟ್ಟಿಗೆ ಹೋದರು. ನಾಲ್ಕು ಜನ ಬಂದರು. ಬಂದ ಮೇಲಿನ ಶನಿವಾರ ಆ ನಾಲ್ಕು ಜನ ಜರ್ಸಿ ಹಾಕಿ ಮೈದಾನಕ್ಕೆ ಹೋಗಿ, ತಮ್ಮ ತಮ್ಮ ಜಾಗದಲ್ಲಿ ನಿಂತರಂತೆ. ಏಳು ಜಾಗ ಖಾಲಿ. ಎದುರಿಗೆ ತಂಡ ಇಲ್ಲ, ಚೆಂಡೂ ಇಲ್ಲ. ತೊಂಬತ್ತು ನಿಮಿಷ ಹಾಗೆಯೇ ನಿಂತು, ಕೈಕುಲುಕಿ, ಮನೆಗೆ ಹೋದರಂತೆ. ಇದನ್ನು ಸಾಹೇಬರು ಹೇಳಿದ ದಿನ ನಮ್ಮ ಯಜಮಾನರು ಇಸ್ತ್ರಿ ಎತ್ತಲು ಮರೆತು ಯಾರೋ ಅರಬನ ಉದ್ದಂಗಿ ತೋಬಿನ ಬೆನ್ನು ಸುಟ್ಟರು.

ಮತ್ತೆ 1931. ಆ ವರ್ಷ ಕೆಲ್ಡನ್‌ಗೆ ಒಂದು ದೊಡ್ಡ ಕಪ್ಪಿನ ಪಂದ್ಯದಲ್ಲಿ, ದೊಡ್ಡ ನಗರದ ದೊಡ್ಡ ತಂಡವೊಂದು ಎದುರಾಯಿತು. ಅಂಗಡಿಗಳು ಬಾಗಿಲು ಹಾಕಿದವು. ಮಲಗಿದ್ದ ಮುದುಕರನ್ನು ಕುರ್ಚಿಯಲ್ಲಿ ಎತ್ತಿಕೊಂಡು ಬಂದರು. ಗೆದ್ದರೋ? ಎಲ್ಲಿಯ ಗೆಲುವು! ಒಂಬತ್ತು–ಸೊನ್ನೆಯಲ್ಲಿ ಸೋತರು. ಆದರೆ ಆ ಸೋಲಿನ ನೆನಪಿಗೆ ಪ್ರತಿ ವರ್ಷ ಊರಿಡೀ ಕುಳಿತು ಊಟ ಮಾಡುತ್ತಿದ್ದರಂತೆ, ಒಂಬತ್ತು ಮೇಣದ ಬತ್ತಿ ಹಚ್ಚಿ. ಒಂಬತ್ತು ಗೋಲು ತಿಂದದ್ದನ್ನು ಹಬ್ಬ ಮಾಡುವ ಜನರ ಮೇಲೆ ನನಗೆ ಒಂದು ರೀತಿಯ ಪ್ರೀತಿ ಬಂತು.

ಸಭಿಕರೇ, ನಿಮಗೆ ನಗು ಬರಬಹುದು. ನಾನು ಕೆಲ್ಡನ್ ನೋಡಿದ್ದೇನೆ. ಬಿಸಿನೀರಿನಲ್ಲಿ ಬಟ್ಟೆ ಅದ್ದುವಾಗ, ಗುಂಡಿಗೆ ನೂಲು ಸುತ್ತುವಾಗ, ಮಿಷನ್ನು ಒಂದೇ ರಾಗದಲ್ಲಿ ಓಡುವಾಗ, ನಾನು ಆ ಪೇಟೆಯಲ್ಲಿ ನಡೆಯುತ್ತಿರುತ್ತೇನೆ. ಬಲಕ್ಕೆ ಬ್ರೆಡ್ಡಿನ ಅಂಗಡಿ. ಎಡಕ್ಕೆ ಕಾರ್ಖಾನೆಯ ಗೋಡೆ. ಮುಂದೆ ಹೊಳೆಗೆ ಇಳಿಯುವ ದಾರಿ. ನನ್ನ ಕೆಲ್ಡನ್ನಿನಲ್ಲಿ ಇಗರ್ಜಿಯ ಹತ್ತಿರ ಒಂದು ಸಣ್ಣ ಮಸೀದಿಯೂ ಇದೆ, ಹಂಚಿನದ್ದು. ಕಾರ್ಖಾನೆಯ ಜನ ತುಳುವಿನಲ್ಲಿ ಮಾತಾಡುತ್ತಾರೆ. ಒಗೆಯುವ ಹೆಂಗಸು ತಲೆಗೆ ನಮ್ಮವರ ಹಾಗೆ ತಟ್ಟದ ಬಟ್ಟೆ ಹಾಕಿಕೊಂಡು, “ಎಂತ ಸಾರಾ, ಬಟ್ಟೆ ಆಯಿತಾ?” ಎಂದು ಕೇಳುತ್ತಾಳೆ. ಹೊಳೆಯಲ್ಲಿ ಉಬ್ಬರ ಬಂದಾಗ ಉಪ್ಪಿನ ವಾಸನೆ ಬರುತ್ತದೆ. ಕೆಲ್ಡನ್ನಿಗೆ ಸಮುದ್ರ ನೂರು ಮೈಲು ದೂರ ಎಂದು ಸಾಹೇಬರು ಹೇಳಿದ ಮೇಲೂ ವಾಸನೆ ಹೋಗಲಿಲ್ಲ. ಆ ಉಪ್ಪು ಪಡುಬೈಲಿನದ್ದು. ಅದು ಇಲ್ಲಿ ಹೇಳುವ ವಿಷಯವಲ್ಲ, ಬಿಡಿ.

ಜರ್ಸಿಯ ವಿಷಯಕ್ಕೆ ಬರುತ್ತೇನೆ. ಮುಸ್ತಫಾ ಗಡಿಯಾರ ನೋಡುತ್ತಿದ್ದಾನೆ. ನೋಡು ಮೋನೇ, ಮುಳ್ಳು ಎಲ್ಲಿಗೂ ಓಡಿಹೋಗುವುದಿಲ್ಲ.

ಬನಿಯನಿನಲ್ಲಿ ಆಡುವ ಹುಡುಗರನ್ನು ಮಾಳಿಗೆಯಿಂದ ನೋಡಿ ನೋಡಿ ಸಾಹೇಬರು ತಮ್ಮ ಊರಿಗೆ ಕಾಗದ ಬರೆದರು. 1987ರಲ್ಲಿ ಒಂದು ಪೆಟ್ಟಿಗೆ ಬಂತು. ಕೆಲ್ಡನ್ನಿನವರು ಹಾಕಿ ಬಿಟ್ಟ ಹದಿನಾಲ್ಕು ಅಂಗಿಗಳು. ಜೊತೆಗೆ ಕ್ಲಬ್ಬಿನ ನೂರು ವರ್ಷದ ಚರಿತ್ರೆಯ ಒಂದು ಪುಸ್ತಕ. ಬಡ ಕ್ಲಬ್ಬಲ್ಲವೇ, ಎದೆಯ ಚಿಹ್ನೆಗಳನ್ನು ಮಾತ್ರ ಹೊಸ ಅಂಗಿಗೆಂದು ಕತ್ತರಿಸಿ ಇಟ್ಟುಕೊಂಡಿದ್ದರು. ಹದಿನಾಲ್ಕು ಎದೆಯಲ್ಲಿ ಹದಿನಾಲ್ಕು ತೂತು. “ಮಿಸೆಸ್ ಹಂಝ, ಚಿಹ್ನೆ ನೀವೇ ಹೊಲಿಯಬೇಕು,” ಎಂದು ಸಾಹೇಬರು ತಮ್ಮ ಹಳೆಯ ಅಂಗಿಯನ್ನು ಮಾದರಿಗೆ ಕೊಟ್ಟರು.

ಒಗೆದು ಒಗೆದು ಆ ಮಾದರಿಯ ಅರ್ಧ ನೂಲು ಹೋಗಿತ್ತು. ಒಂದು ಕಪ್ಪು ಪ್ರಾಣಿ. ಉಬ್ಬಿದ ಬೆನ್ನು, ತಗ್ಗಿಸಿದ ತಲೆ, ಮೂತಿಯ ಹತ್ತಿರ ಮೇಲಕ್ಕೆ ಬಾಗಿದ ಎರಡು ಬಿಳಿ ಗೆರೆ. ನೋಡಿದ ಕೂಡಲೇ ನನಗೆ ಗೊತ್ತಾಯಿತು. ಓಟಕ್ಕೆ ನಿಂತ ಕಂಬಳದ ಕೋಣ! ಚಿಕ್ಕಂದಿನಲ್ಲಿ ಗದ್ದೆಯ ಕಟ್ಟದ ಮೇಲೆ ನಿಂತು ಎಷ್ಟು ನೋಡಿಲ್ಲ? ಕೊಂಬು ಮಾತ್ರ ಮೂತಿಯ ಹತ್ತಿರ ಇತ್ತು. ಇಂಗ್ಲೆಂಡಿನ ದರ್ಜಿಗೆ ಕೋಣ ನೋಡಿ ಗೊತ್ತಿಲ್ಲ, ಪಾಪ, ಎಂದುಕೊಂಡು ನಾನು ಅದನ್ನು ತಲೆಯ ಮೇಲಿನ ಸರಿಯಾದ ಜಾಗಕ್ಕೆ ಏರಿಸಿದೆ.

ಕಣ್ಣು ಇಡಲಿಲ್ಲ. ಜೀವವಿರುವುದರ ಚಿತ್ರ ಮಾಡಬಾರದು, ಮಾಡಲೇಬೇಕಾಗಿ ಬಂದರೆ ಕಣ್ಣಿಡಬೇಡ, ನಾಳೆ ಪರಲೋಕದಲ್ಲಿ ‘ಇದಕ್ಕೆ ಜೀವ ಕೊಡು’ ಎಂದು ಕೇಳಿದರೆ ನೀನು ಎಲ್ಲಿಂದ ತರುತ್ತೀ ಎಂದು ನಮ್ಮ ಊರಿನ ಉಸ್ತಾದರು ಹೇಳುತ್ತಿದ್ದರು. ಆದ್ದರಿಂದ ಹದಿನಾಲ್ಕು ಕೋಣಗಳು, ಒಂದಕ್ಕೂ ಕಣ್ಣಿಲ್ಲ. ಮೊದಲ ಪಂದ್ಯದಲ್ಲಿ ಆರು ಗೋಲು ತಿಂದು ಬಂದಾಗ ಎದುರು ತಂಡದ ಮಲಯಾಳಿ ಹುಡುಗರು, “ಕುರುಡು ಕೋಣಗಳಿಗೆ ಗೋಲು ಎಲ್ಲುಂಟೆಂದು ತೋರಿಸಿರೋ,” ಎಂದು ಕೂಗಿದರಂತೆ. ನಮ್ಮ ತುಕ್ರ ಅಳುಮುಖ ಮಾಡಿಕೊಂಡು ಬಂದು, “ಸಾರಕ್ಕ, ನನ್ನದ್ದೊಂದಕ್ಕೆ ಕಣ್ಣು ಹಾಕಿ ಮಾರಾಯ್ರೆ. ಒಂದೇ ಕಣ್ಣು ಸಾಕು,” ಎಂದ. ನಾನು ಹಾಕಲಿಲ್ಲ. ಆ ತುಕ್ರ ಇವತ್ತು ರಾಸ್ ಲಫಾನಿನಲ್ಲಿ ಪೈಪು ಜೋಡಿಸುವವರ ಫೋರ್ಮನ್ನು, ನಮ್ಮ ಕ್ಯಾಪ್ಟನ್ನು. ಕಣ್ಣಿಲ್ಲದೆಯೇ ಎರಡು ಕಪ್ಪು ತಂದಿದ್ದಾನೆ.

ಹೊಲಿದ ಅಂಗಿಗಳನ್ನು ಸಾಹೇಬರಿಗೆ ಮೊದಲ ಸಲ ತೋರಿಸಿದ ದಿನ ನೆನಪಿದೆ. ಪರದೆಯ ಸಂದಿಯಿಂದ ನೋಡಿದೆ. ಬಹಳ ಹೊತ್ತು ನೋಡಿದರು. ಕನ್ನಡಕ ತೆಗೆದರು, ಅಂಗಿಯ ಅಂಚಿನಿಂದ ಒರೆಸಿದರು, ಮತ್ತೆ ಹಾಕಿದರು. “ಬಹುತ್ ಅಚ್ಛಾ, ಮಿಸೆಸ್ ಹಂಝ. ಬಹಳ ಗಟ್ಟಿ ಪ್ರಾಣಿ,” ಎಂದರು.

ಈಗ ನಾನು ಒಂದು ಮಾತು ಹೇಳುತ್ತೇನೆ. ಆಟಗಾರ ಮಕ್ಕಳು ತಲೆ ತಗ್ಗಿಸಬಾರದು.

ಅದು ಕೋಣ ಅಲ್ಲ ಎಂದು ನನಗೆ ಗೊತ್ತು.

ಆಂಟನಿ, ಸಾಹೇಬರಿಗೆ ಹೇಳಿದೆಯಾ? ಹೇಳು. ಸಾರಮ್ಮನಿಗೆ ನಾಲ್ಕು ವರ್ಷದ ಹಿಂದೆಯೇ ಗೊತ್ತು ಎಂದು ಹೇಳು.

ಆ ನೂರು ವರ್ಷದ ಪುಸ್ತಕವನ್ನು ಆಂಟನಿ ನಮ್ಮ ಲಾಂಡ್ರಿಯಲ್ಲಿ ಕುಳಿತು ಎಷ್ಟೋ ಸಲ ಓದಿ ಅರ್ಥ ಹೇಳಿದ್ದಾನೆ. “ಕಾರ್ಖಾನೆಯಲ್ಲಿ ಬ್ರಷ್ ಮಾಡುತ್ತಿದ್ದರು ಸಾರಕ್ಕ,” ಎನ್ನುತ್ತಿದ್ದ. ಯಾವುದರ ಕೂದಲಿನಿಂದ ಮಾಡುತ್ತಿದ್ದರು ಎಂಬ ಸಾಲು ಬಂದಾಗ ಅವನಿಗೆ ಕೆಮ್ಮು ಬರುತ್ತಿತ್ತು. ಪ್ರತಿ ಸಲ ಅದೇ ಸಾಲಿಗೆ ಕೆಮ್ಮು! ನಾನು ಕಾಳುಮೆಣಸಿನ ಕಷಾಯ ಮಾಡಿ ಕೊಟ್ಟಿದ್ದೇನೆ. 1993ರಲ್ಲಿ ನನ್ನ ಕೊನೆಯ ಮಗಳು ಜುಮಾನಾ ಆ ಪುಸ್ತಕವನ್ನು ತಾನೇ ಓದಿದಳು. ಇಂಗ್ಲಿಷು ಶಾಲೆಯ ಮಗು, ಕೆಮ್ಮಲು ಗೊತ್ತಿಲ್ಲ. “ಉಮ್ಮಾ, ದಿಸ್ ಈಸ್ ವೈಲ್ಡ್ ಪಿಗ್. ನಿಮ್ದು ಕೋಣ ರಾಂಗ್,” ಎಂದಳು.

ಕಾಡುಹಂದಿ. ಆ ಬಿಳಿ ಗೆರೆಗಳು ಕೊಂಬಲ್ಲ, ಕೋರೆಹಲ್ಲು.

ನಾನು ಎದ್ದು ಕೈಕಾಲು ತೊಳೆದು ವುಳು ಮಾಡಿ, ಕೃತಜ್ಞತೆಗೆಂದು ಎರಡು ರಕಅತ್ ಶುಕ್ರ್ ನಮಾಝ್ ಮಾಡಿದೆ. ನನ್ನ ಕೈಯಿಂದ ಆಗಬಾರದ್ದು ಆಗದ ಹಾಗೆ ಅಲ್ಲಾಹನು ನನ್ನ ಸೂಜಿಯನ್ನು ಕಾಪಾಡಿದ್ದಾನಲ್ಲ! ಆಮೇಲೆ ಕುಳಿತು ಯೋಚಿಸಿದೆ. ಸಾಹೇಬರಿಗೆ ಮೊದಲ ದಿನವೇ ಗೊತ್ತಿತ್ತು. ಪುಸ್ತಕ ಓದಿದ ದಿನ ಆಂಟನಿಗೆ ಗೊತ್ತಾಯಿತು, ಆಮೇಲೆ ಹದಿನಾಲ್ಕು ಜನರಿಗೂ. ನಮ್ಮ ಯಜಮಾನರಿಗೂ ಗೊತ್ತಿತ್ತು. ಈಗ ನೋಡಿ, ಹಿಂದಿನ ಸಾಲಿನಲ್ಲಿ ಕೂತು ಮೇಲಿನ ಮಾಡನ್ನು ನೋಡುತ್ತಿದ್ದಾರೆ. ಸಾರಮ್ಮನ ಮನಸ್ಸಿಗೆ ನೋವಾಗಬಾರದೆಂದು ಇಷ್ಟು ಗಂಡಸರು ಆರು ವರ್ಷ ಒಂದು ಮಾತನ್ನು ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದರು. ಗಂಡಸರಿಗೆ ಅದು ಸುಲಭವೇ? ಅಂಥಾದ್ದನ್ನು ಹಾಳುಮಾಡಲು ನನಗೆ ಮನಸ್ಸಾಗಲಿಲ್ಲ. ನಾನ್ಯಾಕೆ ಹೇಳಲಿ ಎಂದು ಸುಮ್ಮನಾದೆ.

ಇವತ್ತು ಯಾಕೆ ಹೇಳಿದೆ? ಇನ್ನೊಂದು ಗುಟ್ಟು ಹೇಳುವುದಿದೆ. ಅದನ್ನು ಹೇಳುವ ಮೊದಲು ನನ್ನದ್ದನ್ನು ಕೆಳಗಿಡುವುದು ಮರ್ಯಾದೆ.

ಆಂಟನಿ, ಇಲ್ಲಿಂದ ಮುಂದೆ ಸಾಹೇಬರಿಗೆ ಅರ್ಥ ಹೇಳಬೇಡ. ಬಿಟ್ಟು ಓದುವುದರಲ್ಲಿ ನೀನು ಜಾಣ. ಸಾರಮ್ಮ ಬಟ್ಟೆಯ ಸೋಪಿನ ಬಗ್ಗೆ ಮಾತಾಡುತ್ತಿದ್ದಾಳೆ ಎಂದು ಹೇಳು. ಸುಳ್ಳು ಹೇಳಿಸಿದ ಪಾಪ ನನ್ನ ಮೇಲಿರಲಿ. ಚಿಕ್ಕ ಮಕ್ಕಳೇ, ಇಂಗ್ಲಿಷು ಶಾಲೆಗೆ ಹೋಗಿ ನಿಮಗೆ ಕನ್ನಡ ಬರುವುದಿಲ್ಲವೆಂದು ನಾನು ಯಾವಾಗಲೂ ಬೈಯುತ್ತಿದ್ದೆ. ಇವತ್ತೊಂದು ದಿನ ಅಲ್ಹಮ್ದುಲಿಲ್ಲಾ, ಸಾಹೇಬರಿಗೆ ಅರ್ಥ ಹೇಳಲು ನಿಮ್ಮಿಂದಾಗದು.

ನಮ್ಮ ಲಾಂಡ್ರಿಯ ಬಾಗಿಲಲ್ಲಿ ಒಂದು ಕಪ್ಪು ಹಲಗೆ ಇದೆ. ಸಾಹೇಬರ ತಂಗಿ ಕೆಲ್ಡನ್ನಿನಿಂದ ಪ್ರತಿ ವಾರ ಅಲ್ಲಿಯ ಪೇಪರು ಕಳಿಸುತ್ತಾರೆ. ಹತ್ತು ಹನ್ನೆರಡು ದಿನಕ್ಕೆ ಬಂದು ಮುಟ್ಟುತ್ತದೆ. ಸಾಹೇಬರು ಓದಿ, ಶುಕ್ರವಾರ ಬೆಳಿಗ್ಗೆ ಬಂದು ಕೆಲ್ಡನ್ನಿನ ಸ್ಕೋರನ್ನು ಸೀಮೆಸುಣ್ಣದಲ್ಲಿ ಹಲಗೆಯ ಮೇಲೆ ಬರೆಯುತ್ತಾರೆ. ಹತ್ತು ವರ್ಷ ಒಂದು ವಾರವೂ ತಪ್ಪಿಸಿಲ್ಲ. ಹೆಚ್ಚಾಗಿ ಸೋಲು. ಮೂರು–ಒಂದು, ಎರಡು–ಸೊನ್ನೆ. ನಮ್ಮ ಹುಡುಗರು ಅದನ್ನು ನೋಡಿ, “ಬಿಡು ಮಾರಾಯ, ಅಸಲು ಕೆಲ್ಡನ್ನೇ ಸೋತಿದೆ,” ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದರು.

ಹೋದ ವರ್ಷದ ಸೆಪ್ಟೆಂಬರಿನಿಂದ ಹಲಗೆಯಲ್ಲಿ ಕೆಲ್ಡನ್ ಗೆಲ್ಲಲು ಶುರುಮಾಡಿತು. ಒಂದು ವಾರ ಗೆಲುವು. ಮರುವಾರ ಗೆಲುವು. ಸಾಲಾಗಿ ಏಳು ಗೆಲುವು! ಹುಡುಗರು ಕುಣಿದರು. ನನಗೆ ಸಂಶಯ ಬಂತು. ಬಣ್ಣ ಹೋದ ಬಟ್ಟೆಗೆ ಒಂದೇ ಒಗೆತದಲ್ಲಿ ಬಣ್ಣ ಬಂದರೆ ಲಾಂಡ್ರಿಯವಳಿಗೆ ಸಂಶಯ ಬರದೆ ಇರುತ್ತದೆಯೇ?

ಓದಿದ ಪೇಪರುಗಳನ್ನು ಸಾಹೇಬರು ನಮಗೆ ಕೊಡುತ್ತಿದ್ದರು. ಮಡಚಿದ ಅಂಗಿಗಳ ನಡುವೆ ಇಡಲು ಬೇಕಾಗುತ್ತದೆ. ಒಂದು ದಿನ ಹಾಗೆ ಇಡುವಾಗ ಒಂದು ಫೋಟೊ ಕಂಡಿತು. ಇಳಿಜಾರು ಮೈದಾನ. ಆಟ ನೋಡುವವರು ಕೂರುವ ಮರದ ಮಾಡಿನ ಅರ್ಧ ನಿಂತಿದೆ, ಅರ್ಧ ಬಿದ್ದಿದೆ. ಮುಂದೆ ಒಂದು ಬುಲ್ಡೋಝರ್.

ಸಭಿಕರೇ, ಇಂಗ್ಲಿಷು ಓದಲು ನನಗೆ ಆಂಟನಿ ಬೇಕು. ಆ ಫೋಟೊ ಓದಲು ಯಾರೂ ಬೇಕಾಗಿರಲಿಲ್ಲ.

ಆದರೂ ಓದಿಸಿದೆ. ಅವತ್ತು ಆಂಟನಿಗೆ ಕೆಮ್ಮು ಬರಲಿಲ್ಲ. ಕೆಲ್ಡನ್ ಟೌನ್ ಕ್ಲಬ್ಬನ್ನು ಹೋದ ವರ್ಷದ ಬೇಸಗೆಯಲ್ಲಿಯೇ ಮುಚ್ಚಿದ್ದಾರೆ. ಆಡುವವರು ಸಿಕ್ಕುವುದಿಲ್ಲ, ನೋಡುವವರು ಬರುವುದಿಲ್ಲ. ಮೈದಾನ ಮಾರಿಯಾಗಿದೆ. ಆ ಜಾಗದಲ್ಲಿ ಒಂದು ದೊಡ್ಡ ಅಂಗಡಿ ಬರುತ್ತದೆ. ನೂರ ಒಂಬತ್ತು ವರ್ಷದ ಕ್ಲಬ್ಬು, ಇಲ್ಲಿಯ ಅರಬರು ಹೇಳುವ ಹಾಗೆ ಮಾಫಿ. ಇಲ್ಲ.

ಹಾಗಾದರೆ ಶುಕ್ರವಾರ ಶುಕ್ರವಾರ ಹಲಗೆಯ ಮೇಲೆ ಗೆಲ್ಲುತ್ತಿದ್ದದ್ದು ಯಾರು?

ನಾನು ಆಂಟನಿಯಿಂದ ಆಣೆ ಹಾಕಿಸಿಕೊಂಡೆ, ಯಾರಿಗೂ ಹೇಳಬಾರದೆಂದು. ಸಾಹೇಬರು ಎಂದಿನಂತೆ ಬಂದು ಬರೆಯುತ್ತಿದ್ದರು. ಬೆರಳಿನ ಸುಣ್ಣವನ್ನು ಕೊಡವಿಕೊಂಡು, “ಈ ಸಲ ಒಳ್ಳೆಯ ಆಟ, ಮಿಸೆಸ್ ಹಂಝ,” ಎನ್ನುತ್ತಿದ್ದರು. ನಾನು ಪರದೆಯ ಈಚೆಯಿಂದ, “ಮಾಶಾ ಅಲ್ಲಾ ಸಾರ್,” ಎನ್ನುತ್ತಿದ್ದೆ. ಅವರು ಯಾಕೆ ಹಾಗೆ ಮಾಡಿದರು ಎಂದು ನಾನು ಕೇಳಿಲ್ಲ. ಕ್ಲಬ್ಬು ಸತ್ತಿತು ಎಂದರೆ ನಮ್ಮ ಹುಡುಗರ ಎದೆಯ ಮೇಲಿನ ಹೆಸರು ಬಾಡುತ್ತದೆ ಎಂದಿರಬಹುದು. ಬರೆಯುವುದು ನಿಲ್ಲಿಸಿದರೆ ತಾವೇ ಅದನ್ನು ಮಣ್ಣು ಮಾಡಿದ ಹಾಗೆ ಆಗುತ್ತದೆ ಎಂದಿರಬಹುದು. ಹೋದ ಶುಕ್ರವಾರ ಕೊನೆಯ ಸ್ಕೋರು ಬರೆದರು. ಆ 1931ರ ದೊಡ್ಡ ನಗರದ ತಂಡದ ಹೆಸರು ಬರೆದು, ಕೆಲ್ಡನ್ ಒಂಬತ್ತು, ಅವರು ಸೊನ್ನೆ ಎಂದು ಬರೆದರು. ಹುಡುಗರು ಯಾರೂ ಗಮನಿಸಲಿಲ್ಲ. ಆ ಹಲಗೆಯನ್ನು ನಾನು ಇನ್ನೂ ಒರೆಸಿಲ್ಲ.

ಪಡುಬೈಲಿನ ವಿಷಯ ಬಿಡಿ ಎಂದೆನಲ್ಲ. ಬಿಡಲು ಆಗುವುದಿಲ್ಲ. ಎರಡು ಮಾತು ಹೇಳಿಬಿಡುತ್ತೇನೆ.

ನನಗೆ ಹದಿನೆಂಟು ವರ್ಷವಾಗಿದ್ದಾಗ, ಬಂದರು ಬರುತ್ತದೆಂದು ನಮ್ಮ ಊರನ್ನು ಎಬ್ಬಿಸಿದರು. ಬೇರೆ ಜಾಗ ಕೊಟ್ಟರು. ಹಡಗು ಬೇಕು, ಬಂದರು ಬೇಕು, ನಾನು ದೂರು ಹೇಳುವುದಿಲ್ಲ. ಆದರೆ ಹೊಸ ಜಾಗಕ್ಕೆ ಕಾಲೊನಿ ಎಂದು ಹೆಸರಾಯಿತು. ಶಾಲೆಗೆ ಬೇರೆ ಹೆಸರು. ಮಸೀದಿಗೆ ಬೇರೆ ಹೆಸರು. ಐದಾರು ವರ್ಷದಲ್ಲಿ ಪಡುಬೈಲು ಎಂದು ಹೇಳುವವರೇ ಇಲ್ಲವಾದರು. ಇಲ್ಲಿಗೆ ಬರಲು ಪಾಸ್‌ಪೋರ್ಟು ಮಾಡಿಸುವಾಗ ಏಜೆಂಟು ಕೇಳಿದ, “ಹುಟ್ಟಿದ ಊರು?” ಪಡುಬೈಲು ಎಂದೆ. “ಅದು ಎಲ್ಲುಂಟು?” ಎಂದ. ಈಗ ಇಲ್ಲ ಎಂದೆ. “ಇಲ್ಲದ ಊರು ಬರೆದರೆ ಕಷ್ಟ. ಮಂಗಳೂರು ಅಂತ ಹಾಕುವಾ, ಆಗದಾ?” ಎಂದ.

ನಾನು ಹೂಂ ಎಂದೆ.

ಅಷ್ಟೇ. ಯಾರೂ ಹೊಡೆದು ಹೇಳಿಸಲಿಲ್ಲ. ನಿನ್ನೆ ಮುಸ್ತಫಾ ಈ ಚೀಟಿ ಕೊಟ್ಟಾಗ ಅದೇ ಹೂಂ ಮತ್ತೆ ನಾಲಿಗೆಯ ತುದಿಗೆ ಬಂತು. ಒಂದು ಜನ್ಮಕ್ಕೆ ಒಂದು ಹೂಂ ಸಾಕು.

ಮುಸ್ತಫಾ, ನೀನು ಹೇಳಿದ್ದು ನ್ಯಾಯ ಎಂದೆನಲ್ಲ. ಇಂಗ್ಲೆಂಡಿನಲ್ಲಿ ಅವರದ್ದೇ ಕ್ಲಬ್ಬು ಇದ್ದಿದ್ದರೆ ನ್ಯಾಯವೇ. ಇಲ್ಲ ಮೋನೇ. ಈ ಭೂಮಿಯ ಮೇಲೆ ಕೆಲ್ಡನ್ ಟೌನ್ ಎಂಬ ಹೆಸರಿನಲ್ಲಿ ಚೆಂಡು ಒದೆಯುವವರು ಈಗ ನೀವು ಮಾತ್ರ. ಬ್ಯಾರಿಗಳು, ಬಿಲ್ಲವರು, ಕೊಂಕಣಿಗಳು. ಆ ಯುದ್ಧದಿಂದ ಬಂದ ನಾಲ್ಕು ಜನ ಖಾಲಿ ಬಿಟ್ಟ ಏಳು ಜಾಗದಲ್ಲಿ ನಿಂತವರು ನೀವು. ನೀವೂ ಹೆಸರು ತೆಗೆದು ಕೆಳಗಿಟ್ಟರೆ, ನಾಡಿದ್ದು ಆ ಮುದುಕ ಯಾವ ಊರಿಗೆ ಹೋಗಿ ಇಳಿಯಬೇಕು?

ಮುಝಮ್ಮಿಲ್ ಸಾಹೇಬರೇ, ನಿಮ್ಮ ಮೇಲೆ ನನಗೆ ಬೇಸರವಿಲ್ಲ. ನೀವು ಕೊಟ್ಟ ಬಟ್ಟೆ ಒಳ್ಳೆಯದು, ಬಣ್ಣ ಬಿಡುವುದಿಲ್ಲ, ನಾನು ಮೂಲೆ ನೆನೆಸಿ ನೋಡಿದ್ದೇನೆ. ನಿಮ್ಮ ಅಂಗಡಿಯ ಹೆಸರು ಬೆನ್ನಿನ ಮೇಲೆ ದೊಡ್ಡದಾಗಿ ಇರಲಿ. ಓಡುವ ಹುಡುಗರ ಬೆನ್ನನ್ನೇ ಅಲ್ಲವೇ ಎಲ್ಲರೂ ನೋಡುವುದು? ಎದೆಯ ಎಡಭಾಗದಲ್ಲಿ ಹಳೆಯ ಹೆಸರಿಗೂ ಚಿಹ್ನೆಗೂ ನಾಲ್ಕು ಬೆರಳಷ್ಟು ಜಾಗ ನನಗೆ ಕೊಡಿ. ಪೊಟ್ಟಣ ಇಸ್ತ್ರಿಗೆಂದು ಮೂರು ದಿನ ನಮ್ಮಲ್ಲಿಯೇ ಇತ್ತು. ಆದರೆ ಕೇಳದೆ ಇನ್ನೊಬ್ಬರ ಬಟ್ಟೆಗೆ ಸೂಜಿ ಹಾಕುವುದು ನಮ್ಮ ಅಂಗಡಿಯ ಪದ್ಧತಿಯಲ್ಲ. ಅದಕ್ಕಾಗಿ ಎಲ್ಲರೆದುರು ಕೇಳುತ್ತಿದ್ದೇನೆ.

ಮುಝಮ್ಮಿಲ್ ಸಾಹೇಬರು ತಲೆ ಅಲ್ಲಾಡಿಸಿದರು. ಅದು ಹೌದೆಂದೇ? ಇಂದಿರಮ್ಮನವರೇ, ನೀವೂ ನೋಡಿದಿರಲ್ಲ? ಹೌದೆಂದೇ. ಅಲ್ಲಾಹನು ನಿಮ್ಮ ವ್ಯಾಪಾರದಲ್ಲಿ ಬರ್ಕತ್ ಕೊಡಲಿ. ಮುಸ್ತಫಾ, ನಿನ್ನ ಚೀಟಿಯನ್ನು ನೀನೇ ಇಟ್ಟುಕೋ.

ಪೆಲ್ ಸಾಹೇಬರು ಕನ್ನಡಕ ತೆಗೆದು ಒರೆಸುತ್ತಿದ್ದಾರೆ. ಆಂಟನಿ, ನೀನು ಸೋಪಿನ ವಿಷಯ ತಾನೇ ಹೇಳಿದ್ದು? ಸೋಪಿನ ವಿಷಯಕ್ಕೆ ಯಾರೂ ಹಾಗೆ ಒರೆಸಿಕೊಳ್ಳುವುದಿಲ್ಲ. ಕೆಲ್ಡನ್ ಎಂದೆ, ಪೇಪರು ಎಂದೆ, ಬುಲ್ಡೋಝರ್ ಎಂದೆ. ಆ ಮಾತುಗಳಿಗೆ ಅರ್ಥ ಹೇಳುವವರು ಬೇಕಾಗಿಲ್ಲ ಎಂಬುದು ನನಗೆ ಹೊಳೆಯಲಿಲ್ಲ. ನನ್ನ ತಪ್ಪು. ಇರಲಿ ಸಾರ್. ನನಗೆ ಗೊತ್ತಿದ್ದದ್ದು ನಿಮಗೆ ಗೊತ್ತಾಯಿತು, ನಿಮಗೆ ಗೊತ್ತಿದ್ದದ್ದು ನಮಗೆ ಗೊತ್ತಾಯಿತು. ಈಗ ಆಂಟನಿ, ಉಳಿದದ್ದನ್ನೆಲ್ಲ ಒಂದಕ್ಷರ ಬಿಡದೆ ಹೇಳು.

ಸಾರ್, ಈ ಸಣ್ಣ ಪೊಟ್ಟಣ ನಿಮಗೆ. ಅಂದು ಬಂದ ಹದಿನಾಲ್ಕು ಅಂಗಿಗಳಲ್ಲಿ ಹರಿಯದೆ ಉಳಿದದ್ದು ಇದೊಂದೇ. ಹಳೆಯ ಕೋಣವನ್ನು ಬಿಚ್ಚಿ ಹೊಸದಾಗಿ ಹೊಲಿದಿದ್ದೇನೆ. ಉಬ್ಬಿದ ಬೆನ್ನು ಇದೆ, ತಗ್ಗಿಸಿದ ತಲೆ ಇದೆ. ತಲೆಯ ಮೇಲೆ ಕೊಂಬು ಹಾಕಲಿಲ್ಲ. ಮೂತಿಗೆ ಕೋರೆಯನ್ನೂ ಹಾಕಲಿಲ್ಲ, ಅದು ನನ್ನಿಂದ ಆಗದು. ನಿಮ್ಮ ಊರಿನವರು ನೋಡಿದರೆ ಅವರ ಪ್ರಾಣಿ ಕಾಣಲಿ. ನಾನು ನೆನೆಸಿಕೊಂಡರೆ ನನಗೆ ನನ್ನದು ಕಾಣುತ್ತದೆ. ಕಣ್ಣು ಇಟ್ಟಿಲ್ಲ. ಜೀವ ಕೊಡುವವನು ಅವನೊಬ್ಬನೇ. ನಾನು ನೂಲು ಮಾತ್ರ ಕೊಟ್ಟೆ.

ಇನ್ನೊಂದು ಮಾತು. ಮುಂದಿನ ಶುಕ್ರವಾರ ನಮಗೆ ಪಂದ್ಯವಿದೆ. ಆ ಕಪ್ಪು ಹಲಗೆಯ ಮೇಲೆ ಇನ್ನು ನಾನು ಬರೆಯುತ್ತೇನೆ. ಗೆದ್ದರೆ ಗೆದ್ದದ್ದು, ಸೋತರೆ ಸೋತದ್ದು, ಇದ್ದದ್ದು ಇದ್ದ ಹಾಗೆ. ಬರೆದು ಕಾಗದದಲ್ಲಿ ನಿಮಗೆ ಕಳಿಸುತ್ತೇನೆ. ಹತ್ತು ವರ್ಷ ಕೆಲ್ಡನ್ನಿನ ಸ್ಕೋರು ಕೆಲ್ಡನ್ನಿನಿಂದ ದೋಹಾಕ್ಕೆ ಬಂತು. ಇನ್ನು ಮೇಲೆ ದೋಹಾದಿಂದ ಕೆಲ್ಡನ್ನಿಗೆ ಬರುತ್ತದೆ. ಹತ್ತು ಹನ್ನೆರಡು ದಿನ ತಡವಾಗಬಹುದು. ಕಾಯಿರಿ. ಹುಡುಗರೇ, ಕಾಗದದಲ್ಲಿ ಬರೆಯಲು ನನಗೆ ನಾಚಿಕೆಯಾಗದ ಹಾಗೆ ಆಡಿ.

ಇಷ್ಟು ಹೊತ್ತು ಸಮೋಸ ತಣ್ಣಗಾಗಲು ಬಿಟ್ಟು ಕುಳಿತ ನಿಮಗೆ, ಮೈಕನ್ನು ಕಸಿದುಕೊಳ್ಳದ ಇಂದಿರಮ್ಮನವರಿಗೆ, ಆರು ವರ್ಷ ಕೆಮ್ಮಿದ ಆಂಟನಿಗೆ, ಹೊಳೆಯ ಮೆಟ್ಟಿಲಲ್ಲಿ ನಿಂತ ಆ ಹೆಸರಿಲ್ಲದ ಹೆಂಗಸಿಗೆ, ಎಲ್ಲರಿಗೂ ನನ್ನ ಶುಕ್ರಿಯಾ. ನಾನು ಪಡುಬೈಲಿನ ಸಾರಮ್ಮ.

ನಮಸ್ಕಾರ.